ತೋಟೆ ಒತ್ತುವ ಒರಳು ನಮ್ಮ ಮನೆಗೆ ಬೇಕೇ?

ಸೋದರಿಯರೇ, ಒರಳು ಎಂದೊಡನೆ ನಮಗೆಲ್ಲ ಕಣ್ಣೆದುರು ಬರುವುದು ಚಕ್ಕುಲಿ ಒರಳು, ಶ್ಯಾವಿಗೆ ಒರಳು. ಹಿತ್ತಾಳೆಯದು ಬಾಳಿಕೆ ಬರುತ್ತದೋ ಮರದ್ದು ಬರುತ್ತದೋ, ತಿರುಗಿಸುವುದು ಸುಲಭವೋ ಒತ್ತುವುದು ಸುಲಭವೋ ಎಂದು ನಾವು ಹೆಂಗಸರು ಎಷ್ಟು ಹೊತ್ತು ಬೇಕಾದರೂ ಮಾತಾಡಿಯೇವು. ಆದರೆ ಕೋವಿಯ ತೋಟೆ ತುಂಬಿಸಿ ಒತ್ತುವುದಕ್ಕೂ ಒಂದು ಒರಳು ಉಂಟು. ಅದನ್ನು ಅಮೇರಿಕದಿಂದ ತರಿಸುವುದೋ ಬೇಡವೋ ಎಂದು ನಮ್ಮ ಮನೆಯಲ್ಲಿ ಎರಡು ತಿಂಗಳು ಚರ್ಚೆ ನಡೆಯಿತೆಂದರೆ ನಿಮಗೆ ನಗು ಬಂದೀತು. ನಗಬೇಡಿ. ಕಾಡಿನ ಅಂಚಿನಲ್ಲಿ ಮನೆ ಇದ್ದವರಿಗೆ ಇದು ಅಕ್ಕಿ ಬೇಳೆಯಷ್ಟೇ ದಿನನಿತ್ಯದ ವಿಷಯ.

ನಮ್ಮದು ಕಾರ್ಕಳದಿಂದ ಬಜಗೋಳಿ ದಾಟಿ ಕುದುರೆಮುಖದ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗೆ. ಸ್ವಲ್ಪ ಗದ್ದೆ, ಸ್ವಲ್ಪ ಅಡಿಕೆ ತೋಟ, ಮತ್ತೆ ಗುಡ್ಡ. ನಮ್ಮವರು ಮುಂಬಯಿಯಲ್ಲಿ ಹೋಟೆಲು ಕೆಲಸದಲ್ಲಿದ್ದಾರೆ, ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಾರೆ. ಮನೆಯಲ್ಲಿ ನಾನು, ಎಪ್ಪತ್ತೆಂಟು ದಾಟಿದ ಮಾವ, ಕಾಲೇಜಿಗೆ ಹೋಗುವ ಮಗ. ಎಣೇಲು ತೆನೆ ಹಾಲು ತುಂಬುವ ಹೊತ್ತಿಗೆ ಹಂದಿಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಅವು ತಿನ್ನುವುದಕ್ಕಿಂತ ಹೊರಳಾಡಿ ಹಾಳು ಮಾಡುವುದೇ ಹೆಚ್ಚು. ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆಗೆ ಯಾರೋ ಚಾಪೆ ಹಾಸಿದ ಹಾಗಿರುತ್ತದೆ.

ನನ್ನ ತವರು ಕಾಪು. ಸಮುದ್ರದ ಬದಿ. ಅಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭದ ಬೆಳಕು ರಾತ್ರಿ ನಮ್ಮ ಅಂಗಳಕ್ಕೆ ಬಂದು ಹೋಗುತ್ತಿತ್ತೇ ಹೊರತು ಹಂದಿ ನಮಗೇನು ಗೊತ್ತು? ಬೆಡಿ ಅಂದರೆ ನಮಗೆ ದೇವಸ್ಥಾನದ ಉತ್ಸವದ ಸುಡುಮದ್ದು, ಅಷ್ಟೇ. ತುಳುವಿನಲ್ಲಿ ಕೋವಿಗೂ ಬೆಡಿ ಎನ್ನುತ್ತಾರೆಂದು ತಿಳಿದಿತ್ತು, ಆದರೆ ಕೋವಿಯನ್ನು ಹತ್ತಿರದಿಂದ ನೋಡಿದ್ದು ಮದುವೆಯಾಗಿ ಬಂದ ಮೇಲೆ, ಆಯುಧ ಪೂಜೆಯ ದಿನ, ಕತ್ತಿ ಹಾರೆಗಳ ಪಕ್ಕದಲ್ಲಿ ಕುಂಕುಮ ಇಟ್ಟದ್ದು.

ಮಾವನದು ಕೇಪಿನ ಕೋವಿ, ಒಂಟಿ ನಳಿಗೆ. ಲೈಸೆನ್ಸ್ ಪುಸ್ತಕದ ಮೊದಲ ಪುಟಗಳಲ್ಲಿ ಇರುವುದು ಮಂಗಳೂರಿನ ಸೀಲು. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾದ ಮೇಲಿನದು ನಮ್ಮ ಜಿಲ್ಲೆಯ ಸೀಲು. ಕೇಪಿನ ಕೋವಿ ಎಂದರೆ ಏನೆಂದು ತಿಳಿಯದವರಿಗೆ ಒಂದು ಮಾತು. ಇದಕ್ಕೆ ತೋಟೆ ಎಂಬುದಿಲ್ಲ. ನಳಿಗೆಯ ಬಾಯಿಂದಲೇ ಮದ್ದು ಹಾಕಿ, ಮೇಲೆ ತೆಂಗಿನ ನಾರು ಹಾಕಿ, ಗಜ ಎಂಬ ಉದ್ದನೆಯ ಸರಳಿನಿಂದ ಜಡಿದು, ಆಮೇಲೆ ಚರೆ, ಮತ್ತೆ ನಾರು. ಹಿಂದುಗಡೆ ಸಣ್ಣ ಮೊಲೆಯಂಥ ಜಾಗಕ್ಕೆ ಕೇಪು ಕೂರಿಸಬೇಕು. ಕುದುರೆ ಹೊಡೆದರೆ ಕೇಪು ಸಿಡಿದು ಮದ್ದಿಗೆ ಬೆಂಕಿ ತಾಗುತ್ತದೆ. ಒಂದು ಸಲ ತುಂಬಿದ್ದಕ್ಕೆ ಒಂದು ಈಡು ಅನ್ನುತ್ತಾರೆ. ಕೇಪಿಗೆ ಮೂಲವಾದ ಸಿಡಿಯುವ ಮದ್ದನ್ನು ಕೋವಿಗೆ ಹೊಂದಿಸಿದವರು ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಕ್ಸಾಂಡರ್ ಫೋರ್ಸಿತ್ ಎಂಬವರು, 1807ರಲ್ಲಿ ಅದಕ್ಕೆ ಪೇಟೆಂಟ್ ಪಡೆದರಂತೆ. ಹಳೆಯ ಚಕಮಕಿ ಕೋವಿಯ ಕಿಡಿ ಕಂಡು ಬಾತುಕೋಳಿಗಳು ಹಾರಿ ಹೋಗುತ್ತಿದ್ದವು ಎಂಬುದೇ ಅವರ ಚಿಂತೆ. ಪಾದ್ರಿಗಳಿಗೆ ಬೇರೆ ಚಿಂತೆ ಇರಲಿಲ್ಲವೋ ಏನೋ!

ಹೊಡೆಯುವುದು ಮಾವನ ಕೆಲಸ, ಕೋವಿ ತೊಳೆಯುವುದು ನನ್ನ ಕೆಲಸ. ಕಪ್ಪು ಮದ್ದಿನ ಮಸಿಯಲ್ಲಿ ಉಪ್ಪಿನಂಥ ಅಂಶ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಸೀಮೆಎಣ್ಣೆಯಲ್ಲಿ ಉಜ್ಜಿದರೆ ಹೋಗುವುದಿಲ್ಲ, ಬಿಸಿನೀರೇ ಬೇಕು. ಬಾಣಲೆಯ ಜಿಡ್ಡು ತೆಗೆಯುವವರಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಕುದಿನೀರು ಹೊಯ್ದು, ಬಟ್ಟೆ ಸುತ್ತಿದ ಗಜದಿಂದ ಎಳೆದು, ಪೂರ್ತಿ ಒಣಗಿಸಿ ಎಣ್ಣೆ ಹಚ್ಚುವುದು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಒಂದು ದಿನ ತಡವಾದರೂ ತುಕ್ಕು ಹಿಡಿಯುತ್ತದೆ.

ಈಗ ಮಾವನಿಗೆ ಕಣ್ಣು ಮಂಜು, ಕೈ ನಡುಗುತ್ತದೆ. ಕತ್ತಲಲ್ಲಿ ಗಜ ಹಾಕಿ ಈಡು ತುಂಬುವುದು ಅವರಿಂದ ಆಗದು. ಒಮ್ಮೆ ತುಂಬಿದ್ದು ನೆನಪಿಲ್ಲದೆ ಮತ್ತೊಮ್ಮೆ ತುಂಬಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ನಳಿಗೆಯೇ ಬಿರಿದೀತು. ಆದ್ದರಿಂದ ಬೆಳೆ ರಕ್ಷಣೆಗೆ ನನ್ನ ಹೆಸರಿನಲ್ಲೇ ಹೊಸ ಲೈಸೆನ್ಸಿಗೆ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. ಪಹಣಿಯಲ್ಲಿ ನನ್ನ ಹೆಸರೂ ಇದೆ. ತಕ್ಷಣ ಎದ್ದ ಪ್ರಶ್ನೆ: ಯಾವ ಕೋವಿ? ಮತ್ತೆ ಕೇಪಿನದೋ, ತೋಟೆಯದೋ? ತೋಟೆ ದುಬಾರಿ, ಒಂದು ಸಲ ಹೊಡೆದರೆ ಹೋಯಿತು ಎಂಬುದು ಮಾವನ ವಾದ. ಇಲ್ಲಿಗೇ ಅಮೇರಿಕದ ಒರಳು ಪ್ರವೇಶ ಮಾಡಿದ್ದು.

ನನ್ನ ನಾದಿನಿಯ ಮಗ ಟೆಕ್ಸಾಸಿನಲ್ಲಿದ್ದಾನೆ. ಅವನು ರೈಫಲ್ ಇಟ್ಟುಕೊಂಡಿದ್ದಾನೆ, ಭಾನುವಾರ ಗುರಿ ಹೊಡೆಯುವ ಮೈದಾನಕ್ಕೆ ಹೋಗುತ್ತಾನೆ. ಹೊಡೆದು ಉಳಿದ ಖಾಲಿ ತೋಟೆಗಳನ್ನು ಹೆಕ್ಕಿ ತಂದು ಕಾರ್ ಶೆಡ್ಡಿನಲ್ಲಿ ಕೂತು ತಾನೇ ಮರುತುಂಬುತ್ತಾನೆ. ಅಲ್ಲಿ ಅದಕ್ಕೆ ಅಡ್ಡಿಯಿಲ್ಲ, ಎಷ್ಟೋ ಮನೆಗಳಲ್ಲಿ ಇದೊಂದು ಹವ್ಯಾಸವಂತೆ. ಮೊಬೈಲಿನಲ್ಲಿ ಮಾತಾಡುವಾಗ ಎಲ್ಲ ತೋರಿಸಿದ. ನನ್ನ ಮಗನ ಕಣ್ಣು ಅರಳಿತು. "ಅಣ್ಣಾ, ಡಿಸೆಂಬರಿಗೆ ಬರುವಾಗ ಪೆಟ್ಟಿಗೆಯಲ್ಲಿ ಹಾಕಿ ತಾ, ತೋಟೆಯ ಖರ್ಚೇ ಉಳಿಯಿತು" ಅಂತ ಇವನು. ಅವನೂ ಹ್ಞೂಂ ಅಂದ.

ಹುಡುಗರ ಮಾತಿಗೆ ಅಡ್ಡ ಬರುವ ಮೊದಲು ವಸ್ತು ಯಾವುದೆಂದು ತಿಳಿದುಕೊಳ್ಳುವುದು ನನ್ನ ಸ್ವಭಾವ. ಅವನಲ್ಲಿ ಕೇಳಿ ಕೇಳಿ ತಿಳಿದುಕೊಂಡೆ. ನಿಜ ಹೇಳಬೇಕೆಂದರೆ ಅದು ಬಹಳ ಚೆಂದದ ಕೆಲಸ. ತೋಟೆಯಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಚಿಪ್ಪು, ತಳದಲ್ಲಿ ಕೇಪು, ಒಳಗೆ ಮದ್ದು, ತುದಿಗೆ ಗುಂಡು. ಹೊಡೆದಾಗ ಮೂರು ಹೋಗುತ್ತವೆ, ಹಿತ್ತಾಳೆ ಉಳಿಯುತ್ತದೆ. ಬೆಲೆಯುಳ್ಳದ್ದೂ ಅದೇ. ನೂರರಲ್ಲಿ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಸೇರಿದ ಹಿತ್ತಾಳೆ. ಬೆಂಕಿಯ ಒತ್ತಡಕ್ಕೆ ಚಿಪ್ಪು ಸ್ವಲ್ಪ ಉಬ್ಬುತ್ತದೆ. ಅದನ್ನು ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು, ಹಳೆ ಕೇಪು ತಳ್ಳಿ ಹೊಸದು ಕೂರಿಸಬೇಕು, ಮದ್ದು ತೂಗಿ ಹಾಕಬೇಕು, ಗುಂಡು ಒತ್ತಬೇಕು. ಈ ಒತ್ತುವುದಕ್ಕೆಲ್ಲ ಒರಳು.

ಒರಳಿನಲ್ಲಿ ಮೂರು ಜಾತಿ. ಒಂದಕ್ಕೆ ಒಮ್ಮೆಗೆ ಒಂದೇ ಅಚ್ಚು. ಐವತ್ತು ಚಿಪ್ಪು ಇದ್ದರೆ ಐವತ್ತನ್ನೂ ಒಂದು ಅಚ್ಚಿನಲ್ಲಿ ಒತ್ತಿ, ಆಮೇಲೆ ಅಚ್ಚು ಬದಲಿಸಿ ಮತ್ತೆ ಐವತ್ತು. ಎರಡನೆಯದರ ತಲೆಯಲ್ಲಿ ನಾಲ್ಕಾರು ಅಚ್ಚು ಸುತ್ತ ಕೂತಿರುತ್ತವೆ, ತಿರುಗಿಸಿಕೊಂಡರೆ ಸಾಕು. ಮೂರನೆಯದರಲ್ಲಿ ಹಿಡಿ ಒಮ್ಮೆ ಎಳೆದರೆ ಎಲ್ಲ ಅಚ್ಚುಗಳೂ ಒಟ್ಟಿಗೆ ಕೆಲಸ ಮಾಡಿ ಪ್ರತಿ ಎಳೆತಕ್ಕೆ ಒಂದು ತಯಾರು ತೋಟೆ ಬೀಳುತ್ತದೆ. ನೀವಾದರೆ ಯಾವುದು ಆರಿಸುವಿರಿ? ಮಗನಿಗೆ ಮೂರನೆಯದೇ ಬೇಕು. ಹೊಸಬರಿಗೆ ಮೊದಲನೆಯದೇ ಸರಿ ಎಂದು ಟೆಕ್ಸಾಸಿನವನ ಅಭಿಪ್ರಾಯ, ನನ್ನದೂ ಅದೇ. ಒಂದೊಂದೇ ಕೆಲಸ ಕಣ್ಣೆದುರು ಮುಗಿಯುತ್ತದೆ. ತಪ್ಪಿದರೆ ಎಲ್ಲಿ ತಪ್ಪಿತೆಂದು ಗೊತ್ತಾಗುತ್ತದೆ. ನಾಲ್ಕು ಒಲೆ ಒಟ್ಟಿಗೆ ಹಚ್ಚಿ ಮದುವೆ ಅಡುಗೆ ಮಾಡುವುದು ಪಳಗಿದ ಕೈಗೆ ಮಾತ್ರ. ಚೌಕಟ್ಟು ಕೂಡ ಸುತ್ತ ಮುಚ್ಚಿದ ಉಂಗುರದ ಹಾಗಿರುವುದು ಗಟ್ಟಿ, ಒಂದು ಬದಿ ತೆರೆದಿರುವುದರಲ್ಲಿ ಕೈಯಾಡಿಸಲು ಸುಲಭವಾದರೂ ಬಲವಾಗಿ ಒತ್ತುವಾಗ ಸ್ವಲ್ಪ ಬಾಗುತ್ತದಂತೆ. ಅಮೇರಿಕದಲ್ಲಿ ಇವನ್ನು ಮಾಡುವ ಹೆಸರಾಂತ ಕಂಪೆನಿಗಳುಂಟು. ಆರ್‌ಸಿಬಿಎಸ್ ಎಂಬುದು 1943ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಶುರುವಾದದ್ದು. ಲೀ ಎಂಬುದು 1958ರಲ್ಲಿ ಒಬ್ಬಾತ ಮನೆಯ ಕಾರ್ಖಾನೆಯಲ್ಲೇ ಶುರು ಮಾಡಿದ್ದು. ಅವನ ಮೊದಲ ಸಾಧನಕ್ಕೆ ಒರಳೂ ಬೇಕಿರಲಿಲ್ಲ, ಸುತ್ತಿಗೆಯಲ್ಲಿ ಹೊಡೆದೇ ಕೆಲಸ ನಡೆಯುತ್ತಿತ್ತು.

ಅಚ್ಚಿಗೆ ಹಾಕುವ ಮೊದಲು ಚಿಪ್ಪಿಗೆ ಜಿಡ್ಡು ಸವರಬೇಕು. ಇಲ್ಲದಿದ್ದರೆ ಚಿಪ್ಪು ಅಚ್ಚಿನಲ್ಲೇ ಕಚ್ಚಿಕೊಳ್ಳುತ್ತದೆ, ಬಿಡಿಸಲು ಪಡಬಾರದ ಪಾಡು. ಹೆಚ್ಚಾದರೆ ಭುಜದಲ್ಲಿ ನೆಗ್ಗು ಬೀಳುತ್ತದೆ. ಚಕ್ಕುಲಿ ಒರಳಿಗೆ ಎಣ್ಣೆ ಸವರಿದವರಿಗೆ ಈ ಹದ ಬಾಯಿಬಿಟ್ಟು ಹೇಳಬೇಕೇ? ಹತ್ತಾರು ಸಲ ಒತ್ತಿದ ಮೇಲೆ ಹಿತ್ತಾಳೆ ಬಿರುಸಾಗಿ ಕುತ್ತಿಗೆ ಸೀಳುತ್ತದೆ. ಕಾಯಿಸಿ ಮೆದು ಮಾಡುತ್ತಾರೆ, ನಮ್ಮ ಕಂಚುಗಾರರು ಮಾಡುವ ಹಾಗೆಯೇ. ಇನ್ನೊಂದು ತಮಾಷೆ. ಕೇಪು ಕೂರುವ ತಳದಲ್ಲಿ ನಡುವೆ ಒಂದೇ ತೂತು ಇರುವ ಪದ್ಧತಿ ಬಾಕ್ಸರ್ ಎಂಬ ಇಂಗ್ಲಿಷ್ ಅಧಿಕಾರಿಯದು, ಎರಡು ತೂತಿನ ಪದ್ಧತಿ ಬರ್ಡನ್ ಎಂಬ ಅಮೇರಿಕದವನದು. ಆದರೆ ಅಮೇರಿಕದವರು ಹಿಡಿದದ್ದು ಇಂಗ್ಲಿಷಿನವನ ಪದ್ಧತಿ, ಯೂರೋಪಿನವರು ಬಹಳ ಕಾಲ ಹಿಡಿದದ್ದು ಅಮೇರಿಕದವನದು! ಒಂದೇ ತೂತಿನದಾದರೆ ಹಳೆ ಕೇಪನ್ನು ಕಡ್ಡಿಯಿಂದ ಸುಲಭವಾಗಿ ತಳ್ಳಬಹುದು, ಅದಕ್ಕೇ ಮರುತುಂಬುವ ಅಭ್ಯಾಸ ಅಲ್ಲಿ ಅಷ್ಟು ಬೆಳೆದದ್ದು.

ಒರಳಿಗಿಂತ ಮುಖ್ಯವಾದದ್ದು ತಕ್ಕಡಿ ಎಂದು ಅವನು ಹೇಳಿದ ಮಾತು ನನಗೆ ಬಹಳ ಹಿಡಿಸಿತು. ಕಡಿಮೆ ದುಡ್ಡಿನ ಒರಳಾದರೂ ನಡೆದೀತು, ತಕ್ಕಡಿಯಲ್ಲಿ ಜಿಪುಣತನ ಕೂಡದು. ಮದ್ದಿನ ತೂಕ ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಜ್ಜಿಯರ ಕಾಲದ ಚಿನ್ನದ ತೊಲ ಇತ್ತಲ್ಲ, ಅದು ಸರಿಯಾಗಿ 180 ಗ್ರೇನ್. ಒಂದು ಗುಲಗಂಜಿ ಹತ್ತಿರ ಹತ್ತಿರ ಎರಡು ಗ್ರೇನ್. ಅಂದರೆ ಅವನು ತೂಗುವುದು ಅರ್ಧ ಗುಲಗಂಜಿಯ ಲೆಕ್ಕದಲ್ಲಿ, ಅದಕ್ಕೂ ಕಡಿಮೆ. ಅಕ್ಕಸಾಲಿಯ ಕೈ ಬೇಕು. ವಿದ್ಯುತ್ ತಕ್ಕಡಿಯ ಮೇಲೆ ಪೂರ್ತಿ ನಂಬಿಕೆ ಇಡದೆ ತೂಕದ ಬಟ್ಟು ಇಟ್ಟು ಆಗಾಗ ಪರೀಕ್ಷಿಸುತ್ತಾನಂತೆ. ಪ್ರತಿ ಬಗೆಯ ಗುಂಡಿಗೆ ಯಾವ ಮದ್ದು, ಎಷ್ಟು ಎಂದು ಕಂಪೆನಿಗಳು ಅಚ್ಚು ಹಾಕಿಸಿದ ಪುಸ್ತಕಗಳಿವೆ. ಅದರಲ್ಲಿ ಇಲ್ಲದ್ದನ್ನು ಅಂದಾಜಿನಲ್ಲಿ ಮಾಡಬಾರದು. ನಾವು ಸಾರಿಗೆ ಉಪ್ಪು ಹಾಕುವ ಹಾಗೆ ಕಣ್ಣಳತೆ ಅಲ್ಲಿ ನಡೆಯದು.

ಇಷ್ಟೆಲ್ಲ ಕೇಳಿದ ಮೇಲೆ ನಾನು ಒಂದು ಪ್ರಶ್ನೆ ಕೇಳಿದೆ. "ಈ ಒರಳಿನಲ್ಲಿ ನಮ್ಮ ಹನ್ನೆರಡು ಬೋರಿನ ತೋಟೆ ಒತ್ತಲಿಕ್ಕೆ ಆಗ್ತದಾ?" ಅವನು ತಲೆ ತುರಿಸಿದ. ಆಗುವುದಿಲ್ಲ! ಅವನದು ರೈಫಲ್, ನಳಿಗೆಯ ಒಳಗೆ ಸುರುಳಿ ಗೀರು ಇರುವಂಥದ್ದು, ಒಂದೇ ಗುಂಡು. ಬೆಳೆ ಕಾಯುವವರಿಗೆ ಸರ್ಕಾರ ಕೊಡುವುದು ಒಳಗೆ ನುಣುಪಾದ ನಳಿಗೆಯ ಕೋವಿ, ಅದರ ತೋಟೆಯಲ್ಲಿ ಇರುವುದು ಚರೆ. ನಳಿಗೆಯ ಅಗಲದ ಸೀಸದ ಉಂಡೆ ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗುತ್ತದೆ, ಅದಕ್ಕೇ ಹನ್ನೆರಡು ಬೋರು. ಆ ತೋಟೆಯ ಮೈ ಪ್ಲಾಸ್ಟಿಕ್ಕು, ಬಾಯಿ ಮಡಿಸಿ ಮುಚ್ಚಿರುತ್ತದೆ. ಅದರ ಒರಳೇ ಬೇರೆ. ಶ್ಯಾವಿಗೆ ಒರಳಿನಲ್ಲಿ ಕಡುಬು ಮಾಡಲು ಹೊರಟಿದ್ದರು ಇಬ್ಬರೂ.

ಆದರೆ ಇದಕ್ಕಿಂತ ದೊಡ್ಡ ವಿಷಯ ಕಾನೂನಿನದು. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಕಾನೂನಿನ ಇಂಗ್ಲಿಷ್ ಅರ್ಥವಾಗುವುದಿಲ್ಲ. ಪರಿಚಯದ ವಕೀಲರೊಬ್ಬರಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯನ್ನು ಓದಿಸಿ ಕೇಳಿದೆ. ಎರಡನೇ ಕಲಮಿನಲ್ಲಿ ಮದ್ದುಗುಂಡು ಎಂದರೆ ಏನೇನು ಎಂದು ಪಟ್ಟಿ ಇದೆ. ಅದರಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ, ಮದ್ದುಗುಂಡು ತಯಾರಿಸುವ ಯಂತ್ರವೂ ಸೇರಿವೆ. ಅಂದರೆ ನೋಡಿ, ಆ ಒರಳಿನಲ್ಲಿ ಒಂದು ಕಾಳು ಮದ್ದು ಇಲ್ಲದಿದ್ದರೂ, ಕಾನೂನಿನ ಕಣ್ಣಿಗೆ ಒರಳೇ ಮದ್ದುಗುಂಡು. ಪರವಾನಗಿ ಇಲ್ಲದೆ ಇಟ್ಟುಕೊಂಡರೆ ಅಪರಾಧ, ತಯಾರಿಸಲು ಐದನೇ ಕಲಮಿನ ಕೆಳಗೆ ಬೇರೆಯೇ ಲೈಸೆನ್ಸು. ಬೆಳೆ ಕಾಯುವ ರೈತನ ಲೈಸೆನ್ಸು ಅದಕ್ಕೆ ಉಪಯೋಗವಿಲ್ಲ. ಚಕ್ಕುಲಿ ಒರಳು ಇದ್ದರೆ ಚಕ್ಕುಲಿ ಇದ್ದ ಹಾಗೆ ಎಂದು ಯಾರಾದರೂ ಹೇಳಿದರೆ ನಗುತ್ತೇವೆ, ಇಲ್ಲಿ ನಗುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಹುಡುಗನ ಪೆಟ್ಟಿಗೆ ತೆರೆದಿದ್ದರೆ ಅವನ ಗತಿ ಏನು, ಅದನ್ನು ತರಲು ಹೇಳಿದ ನನ್ನ ಮಗನ ಗತಿ ಏನು?

"ಅಮ್ಮಾ, ಕೊಡಗಿನವರಿಗೆ ಲೈಸೆನ್ಸೇ ಬೇಡ ಅಲ್ಲವಾ?" ಎಂದು ಮಗ ಕೇಳಿದ. ಹೌದು, ಕೊಡವರಿಗೂ ಅಲ್ಲಿನ ಜಮ್ಮಾ ಭೂಮಿಯವರಿಗೂ ಹಿಂದಿನಿಂದ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆದರೆ ನಾವು ಇರುವುದು ಕಾರ್ಕಳದಲ್ಲಿ. 2003ರಲ್ಲಿ ನಮ್ಮ ತಾಲೂಕಿನ ಈದು ಗ್ರಾಮದಲ್ಲಿ ಎನ್‌ಕೌಂಟರ್ ಆಗಿ ಇಬ್ಬರು ಹುಡುಗಿಯರು ಸತ್ತರು. 2024ರ ನವೆಂಬರಿನಲ್ಲಿ ಹೆಬ್ರಿಯ ಕಬ್ಬಿನಾಲೆಯಲ್ಲಿ ಮತ್ತೊಂದು. ಇಂಥ ಕಾಡಿನ ಬದಿಯ ಮನೆಯಲ್ಲಿ ಮದ್ದು ಒತ್ತುವ ಯಂತ್ರ ಸಿಕ್ಕಿತೆಂದರೆ ಹಂದಿಯ ಕಥೆಯನ್ನು ಯಾರು ನಂಬುತ್ತಾರೆ? ಮಗ ಆಮೇಲೆ ಮಾತಾಡಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದ. ಟೆಕ್ಸಾಸಿನವನಿಗೆ ನಾನೇ ಫೋನು ಮಾಡಿ, ಒರಳು ಮಾತ್ರ ಅಲ್ಲ, ನೋಡಲಿಕ್ಕೆಂದು ಒಂದು ಖಾಲಿ ಚಿಪ್ಪೂ ತರಬೇಡ ಎಂದೆ.

ಹಾಗಾದರೆ ಯಾವ ಕೋವಿ? ಅದೇ ಕಾಯ್ದೆಯ ಹದಿಮೂರನೇ ಕಲಮು ನಮ್ಮ ಮನೆಯ ಜಗಳಕ್ಕೆಂದೇ ಬರೆದ ಹಾಗಿದೆ. ಬೆಳೆ ರಕ್ಷಣೆಗೆ ಕೊಡುವುದು ಬಾಯಿಂದ ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಯನ್ನೂ ಕೊಡಬಹುದು. ಮಾವನಿಗೆ ಮೊದಲನೆಯದೇ ಇಷ್ಟ. "ಮದ್ದು ಕಡಿಮೆ ಹಾಕಿ ಬರೀ ಶಬ್ದಕ್ಕೆ ಬೇಕಾದರೂ ಹೊಡೆಯಬಹುದು, ತೋಟೆಯಲ್ಲಿ ಅದು ಎಲ್ಲಿ ಉಂಟು?" ಅವರ ಮಾತೂ ನಿಜವೇ. ನಮಗೆ ಬೇಕಾದದ್ದು ಹೆದರಿಸುವುದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಂದಿಯನ್ನಾಗಲಿ ನವಿಲನ್ನಾಗಲಿ ಮನಸ್ಸು ಬಂದ ಹಾಗೆ ಕೊಲ್ಲುವಂತಿಲ್ಲ, ನನಗೆ ಕೊಲ್ಲುವ ಆಸೆಯೂ ಇಲ್ಲ.

ಆದರೆ ನಾನು ಹಟ ಹಿಡಿದದ್ದು ತೋಟೆಯ ಕೋವಿಗೆ. ನನ್ನ ಕಾರಣಗಳು ಬೇರೆ. ತೋಟೆಯನ್ನು ಎಣಿಸಬಹುದು. ಕಪಾಟಿನಲ್ಲಿ ಹತ್ತು ಇಟ್ಟರೆ ಹತ್ತು, ಒಂದು ಕಡಿಮೆಯಾದರೆ ಗೊತ್ತಾಗುತ್ತದೆ. ಮದ್ದಿನ ಡಬ್ಬಿಯಲ್ಲಿ ಒಂದು ಚಮಚ ಕಡಿಮೆಯಾದರೆ ಯಾರಿಗೆ ತಿಳಿಯುತ್ತದೆ? ಬೆಳೆದ ಹುಡುಗ ಇರುವ ಮನೆ. ಎರಡನೆಯದಾಗಿ, ಕೋವಿಯನ್ನು ಮಡಚಿ ತೆರೆದರೆ ಒಳಗೆ ತೋಟೆ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಬೇಡವಾದರೆ ಹೊರತೆಗೆದು ಇಟ್ಟರಾಯಿತು. ಕೇಪಿನ ಕೋವಿಯಲ್ಲಿ ತುಂಬಿದ ಈಡನ್ನು ಹೊಡೆದೇ ಖಾಲಿ ಮಾಡಬೇಕು, ಗೋಡೆಗೆ ಒರಗಿಸಿಟ್ಟ ಕೋವಿ ತುಂಬಿದೆಯೋ ಖಾಲಿಯೋ ಎಂಬ ಹೆದರಿಕೆಯಲ್ಲೇ ನಾನು ಇಪ್ಪತ್ತು ವರ್ಷ ಆ ಕೋಣೆ ಗುಡಿಸಿದ್ದೇನೆ. ಮತ್ತೆ ಮಳೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಕೊಡೆ, ಮದ್ದು ತುಂಬುವುದು ಯಾವ ಕೈಯಲ್ಲಿ? ಪುಣೆಯ ಬಳಿ ಖಡ್ಕಿಯಲ್ಲಿ 1869ರಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆ ಉಂಟು, ಶಕ್ತಿಮಾನ್ ಎಂಬ ಹೆಸರಿನ ಹನ್ನೆರಡು ಬೋರಿನ ತೋಟೆ ಅಲ್ಲಿಯದು. ಯಂತ್ರದಲ್ಲಿ ತೂಗಿ ತುಂಬಿದ್ದು. ವರ್ಷಕ್ಕೆ ಹತ್ತು ಹದಿನೈದು ಈಡು ಹೊಡೆಯುವ ಮನೆಗೆ ಮರುತುಂಬಿ ಉಳಿಸುವ ದುಡ್ಡು ಎಷ್ಟು? ಒಂದು ಸೀರೆಯ ಬೆಲೆಯೂ ಆಗಲಿಕ್ಕಿಲ್ಲ.

ಅರ್ಜಿಯಲ್ಲಿ ಇದನ್ನೇ ನನ್ನ ಮಾತಿನಲ್ಲಿ ಬರೆದೆ. ಮಳೆ, ಒಬ್ಬಂಟಿ ಹೆಂಗಸು, ಎಣಿಕೆ. ವಕೀಲರು ಅದನ್ನು ಸ್ವಲ್ಪ ಕಾನೂನಿನ ಭಾಷೆಗೆ ತಿರುಗಿಸಿದರು. ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿಗಳ ಕಚೇರಿ ಇದೆ, ಅಲ್ಲಿ ಕೊಟ್ಟು ಬಂದದ್ದಾಯಿತು. ಸಾಲಿನಲ್ಲಿ ನಿಂತವರೆಲ್ಲ ಗಂಡಸರು. ಒಬ್ಬರು "ಯಜಮಾನರು ಬರಲಿಲ್ಲವಾ?" ಎಂದು ಕೇಳಿದರು. ಅರ್ಜಿ ನನ್ನದೇ ಎಂದಾಗ ಸ್ವಲ್ಪ ಜಾಗ ಬಿಟ್ಟು ನಿಂತರು! ಪೋಲೀಸರು ಮನೆಗೆ ಬಂದು ವಿಚಾರಿಸಿ ಹೋದರು. ಕೋವಿ ಹಿಡಿಯುವ ಸುರಕ್ಷತೆಯ ತರಬೇತಿಯ ಪತ್ರವೂ ಬೇಕು, 2016ರ ನಿಯಮಗಳಲ್ಲಿ ಬಂದದ್ದು. ಆ ಪಾಠಕ್ಕೆ ಹೋಗಲಿಕ್ಕಿದೆ. ಲೈಸೆನ್ಸು ಸಿಕ್ಕಿದರೆ ಐದು ವರ್ಷಕ್ಕೆ, 2019ರ ತಿದ್ದುಪಡಿಗಿಂತ ಮೊದಲು ಮೂರೇ ವರ್ಷ ಇತ್ತು. ಚುನಾವಣೆ ಬಂದಾಗ ಠಾಣೆಯಲ್ಲಿ ಇಟ್ಟು ಬರುವ ಕರೆ ಹೇಗೂ ಬರುತ್ತದೆ. 2023ರ ಮೇ, 2024ರ ಏಪ್ರಿಲ್, ಎರಡು ಸಲವೂ ಮಾವನ ಕೋವಿ ಹೋಗಿ ಕೂತಿತ್ತು, ಹಂದಿಗಳಿಗೆ ನೀತಿ ಸಂಹಿತೆ ಗೊತ್ತಿಲ್ಲ. ವಿನಾಯಿತಿ ಕೇಳಲು ಪರಿಶೀಲನಾ ಸಮಿತಿ ಎಂದು ಉಂಟು, ಕಾಡಂಚಿನ ಸೋದರಿಯರು ಮುಂಚಿತವಾಗಿ ಅರ್ಜಿ ಕೊಟ್ಟು ನೋಡಬಹುದು.

ಟೆಕ್ಸಾಸಿನವನು ಮೊನ್ನೆ ಪುನಃ ಫೋನು ಮಾಡಿ, "ಅತ್ತೇ, ಒರಳು ಬೇಡವಾದರೆ ಬೇರೆ ಏನು ತರಲಿ?" ಎಂದ. ಅವನು ಗುರಿ ಹೊಡೆಯುವಾಗ ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಳ್ಳುವುದನ್ನು ನೋಡಿದ್ದೆ. ಬಲಗೈಯಲ್ಲಿ ಹೊಡೆಯುವವರಿಗೆ ನಳಿಗೆಯ ಕಡೆಗೆ ತಿರುಗಿರುವುದು ಎಡಗಿವಿ, ಮೊದಲು ಹೋಗುವುದೂ ಅದೇ. ಮಾವನಿಗೆ ಹಾಗೆಯೇ ಆಗಿದೆ, ಊಟಕ್ಕೆ ಕರೆಯಬೇಕಾದರೆ ಬಲಬದಿಗೆ ಹೋಗಿ ನಿಲ್ಲಬೇಕು. ಅಂಥ ಮುಚ್ಚಳ ಎರಡು ತಾ ಎಂದೆ. "ನನಗೆ ಇನ್ನು ಎಂತಕ್ಕೆ, ಎಡಗಿವಿ ಹೋಗಿ ಇಪ್ಪತ್ತು ವರ್ಷ ಆಯ್ತು" ಎಂದರು ಮಾವ. ಬಲದ್ದು ಉಂಟಲ್ಲ ಎಂದೆ. ಕೇಳಿತೋ ಇಲ್ಲವೋ, ಎಲೆ ಅಡಿಕೆ ತಟ್ಟೆ ಎಳೆದುಕೊಂಡರು.